ಮಂಡಿ ಸವೆತದ ನೋವಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿನ ಗುಣ ಕೆಲವೇ ವಾರಗಳಲ್ಲಿ ಇಳಿದುಹೋಗುವುದೇಕೆ?

ಆ ಮದ್ದು ಉರಿಯೂತವನ್ನು ತಣಿಸುತ್ತದೆಯೇ ಹೊರತು ಸವೆದ ಮೃದ್ವಸ್ಥಿಯನ್ನು (ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಪದರ) ಮತ್ತೆ ಬೆಳೆಸುವುದಿಲ್ಲ. ಮೃದ್ವಸ್ಥಿಯಲ್ಲಿ ನೋವಿನ ನರಗಳೇ ಇಲ್ಲ. ನೋಯುವುದು ಮುಖ್ಯವಾಗಿ ಕೀಲಿನ ಒಳಪೊರೆ ಮತ್ತು ಅಡಿಯ ಮೂಳೆ. ಸವೆತದ ಚೂರುಗಳಿಂದ ಕೆರಳಿದ ಒಳಪೊರೆ ಊದಿಕೊಂಡು ಕೀಲಿನಲ್ಲಿ ನೀರು ತುಂಬಿಸುತ್ತದೆ. ಸ್ಟೀರಾಯ್ಡ್ ಅಡಗಿಸುವುದು ಈ ಕೆರಳಿಕೆಯನ್ನು. ಮದ್ದಿನ ಪ್ರಭಾವ ಮುಗಿದಾಗ ಅದು ಮರಳುತ್ತದೆ.

ಹಾಗೆಂದು ಪದೇ ಪದೇ ಚುಚ್ಚಿಸಿಕೊಳ್ಳುವುದು ಜಾಣತನವಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮೂರು ತಿಂಗಳಿಗೊಮ್ಮೆ ಎರಡು ವರ್ಷ ಸ್ಟೀರಾಯ್ಡ್ ಪಡೆದವರ ಮೃದ್ವಸ್ಥಿ, ಬರೀ ಉಪ್ಪುನೀರಿನ ಚುಚ್ಚುಮದ್ದು ಪಡೆದವರಿಗಿಂತ ಹೆಚ್ಚು ಸವೆದಿತ್ತು. ನೋವಿನಲ್ಲಿ ಗಮನಾರ್ಹ ವ್ಯತ್ಯಾಸವೇ ಇರಲಿಲ್ಲ. ಹಾಗಾದರೆ ಅದು ಯಾರಿಗೆ ಫಲ ಕೊಡುತ್ತದೆ ಎಂದು ಮೊದಲೇ ತಿಳಿಯಬಹುದೇ? ಮೂತ್ರದಲ್ಲಿ ಸಿಗುವ ಕೊಲ್ಯಾಜನ್ (ಮೃದ್ವಸ್ಥಿಯಲ್ಲಿರುವ ಪ್ರೋಟೀನ್) ತುಣುಕುಗಳಂಥ ಜೈವಿಕ ಸೂಚಕಗಳು ಸವೆತದ ಸುಳಿವು ಕೊಡುತ್ತವೆ, ನಿಜ. ಆದರೆ ಚುಚ್ಚುಮದ್ದು ಯಾರಿಗೆ ಫಲ ಕೊಡುತ್ತದೆ ಎಂದು ಮೊದಲೇ ಹೇಳುವ ಪರೀಕ್ಷೆ ದಿನನಿತ್ಯದ ಚಿಕಿತ್ಸೆಗೆ ಇನ್ನೂ ಬಂದಿಲ್ಲ.