ಭೂಕುಸಿತದ ಸುದ್ದಿಯನ್ನು ಪಾಠವಾಗಿಸಿದ ಶಿಕ್ಷಕರಿಗೆ

ಮಾನ್ಯರೇ,

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಾದ ಭೂಕುಸಿತದ ವರದಿಗಳನ್ನು ಮುಂದಿಟ್ಟುಕೊಂಡು ಒಂಬತ್ತನೇ ತರಗತಿಯ ಮಕ್ಕಳಿಗೆ ಸುದ್ದಿಯನ್ನು ಪರಿಶೀಲಿಸಿ ಓದುವುದನ್ನು ಕಲಿಸಿದ ಬಗ್ಗೆ ನೀವು ಬರೆದ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಹಾಗೆಂದು ಕೈಬಿಡಲೂ ಮನಸ್ಸಿಲ್ಲ.

ಮೊದಲ ಮೂರು ಪುಟಗಳು ಟಿ.ವಿ. ವಾಹಿನಿಗಳನ್ನು ಬೈಯುವುದಕ್ಕೇ ಖರ್ಚಾಗಿವೆ. ಬೈಗುಳ ಅನ್ಯಾಯವೆಂದು ಹೇಳುತ್ತಿಲ್ಲ, ಅದು ನಮ್ಮ ಓದುಗರಿಗೆ ಹೊಸದಲ್ಲ ಅಷ್ಟೆ. ನಾಲ್ಕನೇ ಪುಟದಲ್ಲಿ, ‘ಇಂದು ರಾತ್ರಿ ಇನ್ನೊಂದು ಗುಡ್ಡ ಕುಸಿಯಲಿದೆ’ ಎಂಬ ವಾಟ್ಸಾಪ್ ಧ್ವನಿಸಂದೇಶವನ್ನು ಕೇಳಿದ ಹುಡುಗಿಯೊಬ್ಬಳು ‘ಇಂದು ಅಂದ್ರೆ ಯಾವತ್ತು ಸರ್?’ ಎನ್ನುತ್ತಾಳೆ. ತಾರೀಖಿಲ್ಲದ ಆ ಸಂದೇಶ ಯಾರು ಯಾವಾಗ ರವಾನಿಸಿದರೂ ಅಂದಿನದೇ ಆಗಿಬಿಡುತ್ತದೆ, ಗುಡ್ಡದ ಹೆಸರಿಲ್ಲದ ಕಾರಣ ಕೇಳಿದವರಿಗೆಲ್ಲ ತಮ್ಮ ಮನೆಯ ಹಿಂದಿನ ಗುಡ್ಡವೇ ಕಣ್ಣಿಗೆ ಬರುತ್ತದೆ ಎಂಬುದನ್ನು ಮಕ್ಕಳು ತಾವೇ ಕಂಡುಕೊಂಡ ಆ ಹೊತ್ತನ್ನು ನೀವು ಎರಡು ಸಾಲಿನಲ್ಲಿ ಮುಗಿಸಿದ್ದೀರಿ. ಲೇಖನ ಅಲ್ಲಿಂದ ಶುರುವಾಗಲಿ.

‘ಇಡೀ ಕೊಡಗೇ ಕುಸಿಯಿತು’ ಎಂದು ನೀವೂ ಬರೆದಿದ್ದೀರಿ. ಆ ವರ್ಷದ ಹಾನಿ ಹೆಚ್ಚಾಗಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳದ್ದು: ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ. ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಜಾರಿದ್ದು ಮರುವರ್ಷ. ಜಿಲ್ಲೆಯ ನಕಾಶೆಯ ಮೇಲೆ ವರದಿಗಳಲ್ಲಿ ಬಂದ ಊರುಗಳನ್ನು ಮಕ್ಕಳಿಂದಲೇ ಗುರುತು ಹಾಕಿಸಿ. ಮಡಿಕೇರಿಯಲ್ಲಿ ಮನೆಯೊಂದು ಕುಸಿದು ಜಾರಿದ ದೃಶ್ಯವನ್ನು ಮತ್ತೆ ಮತ್ತೆ ತೋರಿಸುತ್ತಿದ್ದಾಗ, ರಸ್ತೆ ಕಡಿದುಹೋಗಿ ಕ್ಯಾಮೆರಾ ತಲುಪದ ಊರುಗಳ ಸುದ್ದಿ ಎಲ್ಲಿತ್ತು ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ.

ಜುಲೈನ ಲಘು ಭೂಕಂಪನವೇ ಕುಸಿತಕ್ಕೆ ಕಾರಣವೆಂಬ ನಿಮ್ಮ ವಾಕ್ಯಕ್ಕೆ ಆಧಾರ ಕೊಟ್ಟಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಬೊಟ್ಟು ಮಾಡಿದ್ದು ವಿಪರೀತ ಮಳೆಯತ್ತ, ಜೊತೆಗೆ ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದರತ್ತ. (ಇದನ್ನು ಬರೆದರೆ ಹೋಂಸ್ಟೇ ನಡೆಸುವ ನಮ್ಮ ಕೆಲವು ಚಂದಾದಾರರು ಮುನಿಸಿಕೊಂಡಾರು. ಅದು ನಮಗಿರಲಿ.)

ನನಗೆ ನಿಜಕ್ಕೂ ಕಳವಳವಾದದ್ದು ಕೊನೆಯ ಪುಟದಲ್ಲಿ. ‘ನಮ್ಮ ಮಕ್ಕಳು ಈಗ ಯಾವ ಸುದ್ದಿಯನ್ನೂ ನಂಬುವುದಿಲ್ಲ’ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ನಾಳೆ ಜಿಲ್ಲಾಡಳಿತ ರೆಡ್ ಅಲರ್ಟ್ ಕೊಟ್ಟು, ಗುಡ್ಡದಂಚಿನ ಮನೆಗಳನ್ನು ಕತ್ತಲಾಗುವ ಮುನ್ನ ಬಿಟ್ಟು ಬನ್ನಿ ಎಂದರೆ ಆ ಮಕ್ಕಳು ಏನು ಮಾಡಬೇಕು? ಧ್ವನಿಸಂದೇಶವನ್ನು ತಡೆಯುವ ಪ್ರಶ್ನೆಗಳೇ, ಅಂದರೆ ಹೇಳಿದವರು ಯಾರು, ಯಾವ ದಿನ, ಯಾವ ಊರು ಎಂಬವೇ, ಆ ಎಚ್ಚರಿಕೆಯನ್ನು ನಂಬಿ ಹೊರಡಲೂ ಕಾರಣವಾಗುತ್ತವೆ ಎಂಬುದನ್ನು ತರಗತಿಯಲ್ಲಿ ಹೇಳಿದ್ದರೆ ಅದನ್ನು ಬರೆಯಿರಿ. ಹೇಳಿರದಿದ್ದರೆ ಇನ್ನೊಂದು ಪಾಠ ಮಾಡಿ, ಆಮೇಲೆ ಬರೆಯಿರಿ.

ಪರಿಷ್ಕೃತ ಪ್ರತಿ ಸಾವಿರ ಪದ ಮೀರದಿರಲಿ. ಲೇಖನದ ಜೊತೆಗಿದ್ದ ಫೋಟೊಗಳನ್ನು ಎಲ್ಲಿ, ಯಾವಾಗ, ಯಾರು ತೆಗೆದದ್ದೆಂದು ತಿಳಿಸಿದ ನಂತರವಷ್ಟೇ ಬಳಸುತ್ತೇವೆ.

ಇಂತಿ,
ಸಂಪಾದಕ