ಕನ್ನಡಕದ ಡಬ್ಬಿಯಲ್ಲಿರುವ ಕಿವಿ ಮೆಷಿನ್

ಸಾಗರದಿಂದ ಬರೆದ ಸೋದರಿಯವರಿಗೆ ನಮಸ್ಕಾರ.

ತಂದೆಯವರಿಗೆ ಕಿವಿ ಮೆಷಿನ್ ಕೊಡಿಸಿ ಎಂಟು ತಿಂಗಳಾಯಿತು, ತಪಾಸಣೆಗೆ ಹೋದಾಗ ‘ಚೆನ್ನಾಗಿ ಕೇಳುತ್ತೆ’ ಅನ್ನುತ್ತಾರೆ, ಮನೆಯಲ್ಲಿ ಮಾತ್ರ ಅದು ಕನ್ನಡಕದ ಡಬ್ಬಿ ಬಿಟ್ಟು ಹೊರಗೆ ಬರುವುದಿಲ್ಲ ಎಂದು ಬರೆದಿದ್ದೀರಿ. ನಿಜ ಸಂಗತಿ ತಿಳಿಯಲು ದಾರಿ ಇದೆಯೇ ಅಂತ ಕೇಳಿದ್ದೀರಿ.

ಇದೆ. ಈಗಿನ ಎಷ್ಟೋ ಡಿಜಿಟಲ್ ಮೆಷಿನ್‌ಗಳು ತಾವೇ ಲೆಕ್ಕ ಇಡುತ್ತವೆ. ದಿನಕ್ಕೆ ಸರಾಸರಿ ಎಷ್ಟು ಗಂಟೆ ಆನ್ ಆಗಿತ್ತು, ಸುತ್ತ ಗದ್ದಲ ಎಷ್ಟು ಹೊತ್ತು, ಮಾತು ಎಷ್ಟು ಹೊತ್ತು ಅಂತ. ಇದಕ್ಕೆ ಡೇಟಾ ಲಾಗಿಂಗ್ ಅನ್ನುತ್ತಾರೆ. ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷಿಸಿ ಮೆಷಿನ್ ಹೊಂದಿಸುವ ತಜ್ಞರು, ಅದನ್ನು ಕಂಪ್ಯೂಟರಿನಲ್ಲಿ ನೋಡಬಲ್ಲರು, ಮುಂದಿನ ಸಲ ಕೇಳಿ. ಆದರೆ ಆಫ್ ಮಾಡದೆ ಮೇಜಿನ ಮೇಲಿಟ್ಟರೂ ಗಂಟೆ ಏರುತ್ತಲೇ ಇರುತ್ತದೆ. ಕಷ್ಟ ಎಲ್ಲಿ ಅನ್ನುವುದಂತೂ ಆ ಲೆಕ್ಕದಲ್ಲಿ ಸಿಗುವುದಿಲ್ಲ.

ನನ್ನ ಅಮ್ಮನಿಗೂ ಹೀಗೇ ಆಗಿತ್ತು. ಪರೀಕ್ಷೆಯ ಕೋಣೆಯಲ್ಲಿ ಗಾಳಿಯ ಸದ್ದೂ ಇಲ್ಲ. ಅಲ್ಲಿ ಕೇಳಿಸಿದ ಪದಗಳನ್ನೆಲ್ಲ ಅಮ್ಮ ಸರಿಯಾಗಿ ಹೇಳಿದರು. ಮನೆಯಲ್ಲಿ ಕುಕ್ಕರ್, ಮಿಕ್ಸಿ, ಟಿವಿ. ಒಗ್ಗರಣೆಯ ಸಾಸಿವೆ ಸಿಡಿಯುವ ಸದ್ದೇ ಮೊಮ್ಮಗಳ ಮಾತಿಗಿಂತ ಜೋರಾಗಿ ಬರುತ್ತಿತ್ತಂತೆ. ಮೆಷಿನ್ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡುಬಿಡುತ್ತಿದ್ದರು. ಕೇಳಿದರೆ ‘ಪರವಾಗಿಲ್ಲ’. ನಾನು ಹಟ ಅಂದುಕೊಂಡು ರೇಗಿದ್ದೆ. ಆ ಬೇಸರ ಈಗಲೂ ಇದೆ.

ಪರೀಕ್ಷೆಯ ಕೋಣೆಯ ಹೊರಗೆ, ದಿನನಿತ್ಯ ಎಷ್ಟು ಕೇಳುತ್ತದೆ ಅನ್ನುವುದನ್ನು ಸಂಶೋಧಕರು ಈಗ ಫೋನಿನಲ್ಲೇ ಅಳೆಯುತ್ತಾರೆ. ದಿನದಲ್ಲಿ ಹಲವು ಸಲ ಫೋನ್ ಸದ್ದು ಮಾಡಿ ‘ಈಗ ಎಲ್ಲಿದ್ದೀರಿ, ಯಾರ ಜೊತೆ, ಎಷ್ಟು ಅರ್ಥವಾಯಿತು’ ಅಂತ ಕೇಳುತ್ತದೆ. ತಿಂಗಳಾದ ಮೇಲೆ ನೆನಪು ಮಾಡಿ ಹೇಳುವುದೇ ಬೇರೆ, ಆಗಿಂದಾಗ್ಗೆ ಹೇಳುವುದೇ ಬೇರೆ, ಅಲ್ವಾ? ಕೃತಕ ಕಾಲನ್ನು ನಿಜಕ್ಕೂ ಎಷ್ಟು ಬಳಸುತ್ತಾರೆ ಅಂತ ತಿಳಿಯಲು ಅದಕ್ಕೆ ಹೆಜ್ಜೆ ಎಣಿಸುವ ಪುಟ್ಟ ಸಾಧನ ಕಟ್ಟುವುದೂ ಇದೇ ಕಾರಣಕ್ಕೆ.

ನೀವು ಒಂದು ವಾರ ಮಾಡಿ ನೋಡಿ. ಫೋನಿನಲ್ಲಿ ದಿನಕ್ಕೆ ನಾಲ್ಕು ಅಲಾರಂ ಇಡಿ. ಪ್ರತಿ ಸಲ ತಂದೆಯವರು ಮೂರೇ ಮಾತು ರೆಕಾರ್ಡ್ ಮಾಡಲಿ: ಎಲ್ಲಿದ್ದೇನೆ, ಯಾರು ಮಾತಾಡುತ್ತಿದ್ದಾರೆ, ಎಷ್ಟು ಕೇಳಿತು. ಚೆನ್ನಾಗಿ ಕೇಳಿದ್ದೂ ಬರಲಿ. ಅದನ್ನು ಆಡಿಯಾಲಜಿಸ್ಟ್‌ಗೆ ಕೇಳಿಸಿ. ಗದ್ದಲಕ್ಕೆ ಬೇರೆ ಸೆಟ್ಟಿಂಗ್ ಬೇಕೋ, ಮೆಷಿನ್ನಿನ ಕಿವಿಯೊಳಗೆ ಕೂರುವ ಅಚ್ಚು ಸಡಿಲವೋ ಅಂತ ಹುಡುಕಲು ಅವರಿಗೆ ಸುಳಿವು ಸಿಗುತ್ತದೆ. ಇನ್ನೊಬ್ಬರ ಅಭಿಪ್ರಾಯ ಬೇಕೆನಿಸಿದರೆ ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಒಂದೇ ಕೋರಿಕೆ. ಇದನ್ನೆಲ್ಲ ಅವರಿಗೆ ಹೇಳಿ, ಅವರು ಒಪ್ಪಿದ ಮೇಲೇ ಮಾಡಿ. ಕದ್ದು ಲೆಕ್ಕ ಹಿಡಿಯುವುದು ಬೇಡ. ಅಲಾರಂ ಯಾವ ಹೊತ್ತಿಗೆ ಅನ್ನುವುದನ್ನೂ ಅವರೇ ಹೇಳಲಿ.

— ಸಂಪಾದಕ