ನಡುನೀರಿನಲ್ಲಿ ಕೈಕೊಡುವ ಇಂಜಿನ್

ಪ್ರಶ್ನೆ: ನಮ್ಮದು ತುಮರಿ ಕಡೆ, ಶರಾವತಿ ಹಿನ್ನೀರಿನ ದಂಡೆ. ದೋಣಿಗೆ ಹಳೆಯ ಟೂ-ಸ್ಟ್ರೋಕ್ ಪೆಟ್ರೋಲ್ ಇಂಜಿನ್ ಇದೆ. ಮಳೆಗಾಲ ಪೂರ್ತಿ ಕೊಟ್ಟಿಗೆಯಲ್ಲಿತ್ತು. ಈಗ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗಿ, ಹತ್ತು ನಿಮಿಷ ಓಡಿ, ಉಸಿರು ಕಟ್ಟಿದ ಹಾಗೆ ನಿಲ್ಲುತ್ತದೆ. ಕಾಲು ಗಂಟೆ ಬಿಟ್ಟರೆ ಮತ್ತೆ ಓಡುತ್ತದೆ. ಎರಡು ಸಲ ಕಾರ್ಬುರೇಟರ್ ಬಿಚ್ಚಿಸಿ ತೊಳೆಸಿದೆ. ದುಡ್ಡು ಹೋಯಿತು, ರೋಗ ಹೋಗಲಿಲ್ಲ.

ಉತ್ತರ: ಕಾರ್ಬುರೇಟರನ್ನು ಅದರ ಪಾಡಿಗೆ ಬಿಡಿ ಮಾರಾಯ್ರೆ. ಅದರೊಳಗೆ ಪೆಟ್ರೋಲು ಚಿಮ್ಮುವ ಸಣ್ಣ ತೂತಿನ ಜೆಟ್ ಕಟ್ಟಿಕೊಂಡಿದ್ದರೆ ಅದು ಮೊದಲ ಎಳೆತಕ್ಕೇ ತಕರಾರು ತೆಗೆಯುತ್ತಿತ್ತು. ನಿಮ್ಮ ಟ್ಯಾಂಕಿಗೆ ಗಾಳಿ ಹೋಗುತ್ತಿಲ್ಲ ಅಂತ ನನ್ನ ಗುಮಾನಿ. ಮುಚ್ಚಳದ ಮೇಲೆ ಪುಟ್ಟ ಸ್ಕ್ರೂ ಇದೆಯಲ್ಲ, ಅದನ್ನು ಸಡಿಲಿಸದೆ ಹೊರಟರೆ ಪೆಟ್ರೋಲು ಖಾಲಿಯಾದ ಜಾಗಕ್ಕೆ ಗಾಳಿ ತುಂಬುವುದಿಲ್ಲ. ಪಂಪು ಎಳೆದೂ ಎಳೆದೂ ಸೋಲುತ್ತದೆ. ಕಾಲು ಗಂಟೆಯಲ್ಲಿ ಮುಚ್ಚಳದ ಸಂದಿಯಿಂದ ಚೂರು ಗಾಳಿ ನುಸುಳುತ್ತದೆ, ಇಂಜಿನ್ ಮತ್ತೆ ಏಳುತ್ತದೆ. ಸ್ಕ್ರೂ ಸಡಿಲವಿದ್ದರೂ ಅದರ ಗಾಳಿತೂತಿಗೊಮ್ಮೆ ಊದಿ ನೋಡಿ. ಕೊಟ್ಟಿಗೆಯಲ್ಲಿಟ್ಟ ಟ್ಯಾಂಕು ಎಂದರೆ ಕುಂಬಾರ ಹುಳ ಮಣ್ಣು ಮೆತ್ತಿರಲೂಬಹುದು.

ನಗಬೇಡಿ, ನಾನೂ ಇದೇ ಪೆಟ್ಟು ತಿಂದವನು. ಹಿನ್ನೀರಿನ ಒಣಮರದ ಬೊಡ್ಡೆಗಳ ನಡುವೆ ಇಂಜಿನ್ ನಿಂತಿತು ಅಂತ ದೋಣಿಯಲ್ಲೇ ಕಾರ್ಬುರೇಟರ್ ಬಿಚ್ಚಿದೆ. ಜೆಟ್ ಬೆರಳಿನಿಂದ ಜಾರಿ ನೀರಿಗೆ ಬಿತ್ತು. ಹುಟ್ಟು ಹಾಕುತ್ತಾ ದಡ ಮುಟ್ಟಿದ ಮೇಲೆ ಕಂಡಿತು, ಮುಚ್ಚಳದ ಸ್ಕ್ರೂ ಬಿಗಿಯಾಗಿ ಕೂತಿತ್ತು.

ಇನ್ನು ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ಪೈಪಿನ ನಡುವೆ, ಹಿಸುಕಿ ಪೆಟ್ರೋಲು ಏರಿಸುವ ರಬ್ಬರ್ ಬಲ್ಬು. ಅರ್ಧ ಕಾಯಿಲೆ ಅದೇ ಹೇಳುತ್ತದೆ. ಇಂಜಿನ್ ಸಾಯುವ ಹೊತ್ತಿಗೆ ಅದು ಚಪ್ಪಟೆಯಾಗಿದ್ದರೆ ತಡೆ ಇರುವುದು ಟ್ಯಾಂಕಿನ ಕಡೆ: ಗಾಳಿತೂತು, ಇಲ್ಲವೇ ಒಳಗಿನ ಹೀರುಪೈಪಿನ ಜಾಲರಿ. ಬಲ್ಬು ಚಪ್ಪಟೆಯಾಗಿಲ್ಲ, ಆದರೆ ಹಿಸುಕಿದ ಕೂಡಲೇ ಇಂಜಿನ್ ಚೇತರಿಸಿಕೊಳ್ಳುತ್ತದೆ ಅಂದರೆ ಪಂಪಿನ ಡಯಾಫ್ರಮ್, ಅಂದರೆ ಒಳಗಿನ ತೆಳು ಪೊರೆ, ಸೋತಿದೆ. ಎಷ್ಟು ಹಿಸುಕಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಕ್ಲಿಪ್ಪಿನ ಬಳಿ ಗಾಳಿ ಎಳೆಯುತ್ತಿದೆ, ಅಥವಾ ಬಲ್ಬಿನ ವಾಲ್ವೇ ಹೋಗಿದೆ.

ಮಳೆಗಾಲಕ್ಕೆ ಮುಂಚಿನ ಪೆಟ್ರೋಲು ಟ್ಯಾಂಕಿನಲ್ಲೇ ಉಳಿದಿದೆಯೇ? ನೀವು ಬರೆದಿಲ್ಲ. ಈಗ ಬಂಕಿನಲ್ಲಿ ಸಿಗುವುದರಲ್ಲಿ 20% ತನಕ ಎಥನಾಲ್ ಇರುತ್ತದೆ, ಅದು ನೀರನ್ನು ಹೀರುತ್ತದೆ. ನಮ್ಮ ಮಲೆನಾಡಿನ ತೇವದಲ್ಲಿ ಅರ್ಧ ಖಾಲಿ ಟ್ಯಾಂಕು ಇಟ್ಟರೆ ಕೇಳಬೇಕೇ? ತಳದಿಂದ ಒಂದಿಷ್ಟು ಗಾಜಿನ ಬಾಟಲಿಗೆ ಬಸಿದು ರಾತ್ರಿ ಅಲುಗಿಸದೆ ಬಿಡಿ, ಅಡುಗೆಮನೆಯಿಂದ ದೂರ. ಬೆಳಿಗ್ಗೆ ಅಡಿಯಲ್ಲಿ ಬೇರೆ ಪದರ ಕಂಡರೆ ಆ ಪೆಟ್ರೋಲು ಬೇಡ. ಹಳೆಯ ಪೈಪಿನ ಒಳಮೈಯನ್ನೂ ಎಥನಾಲ್ ಮೆತ್ತಗೆ ಮಾಡುತ್ತದೆ. ಹೊರಗಿನಿಂದ ಚೆಂದ ಕಂಡರೂ ತುದಿ ಕೊಯ್ದು ನೋಡಿ, ಒಳಗೆ ಪದರ ಎದ್ದಿದ್ದರೆ ಬದಲಿಸಿ.

2025ರಲ್ಲಿ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು ಸೇತುವೆಯಾದ ಮೇಲೆ ದೋಣಿ ಪ್ರಶ್ನೆ ನಿಂತೇ ಹೋಗುತ್ತದೆ ಅಂದುಕೊಂಡಿದ್ದೆ. ಸ್ಕ್ರೂ ಸಡಿಲಿಸಿ ಒಂದು ಸುತ್ತು ಹೋಗಿ ಬಂದು, ಬಲ್ಬು ಹೇಗಿತ್ತು ಅಂತ ಬರೆಯಿರಿ. ಹುಟ್ಟು ಮರೆಯಬೇಡಿ.